ಮೇಲಿನಿಂದ ಸುರಿದದ್ದು ಮಳೆಯಲ್ಲ

ಬ್ರಹ್ಮಸೂತ್ರದ ಎರಡನೇ ಅಧ್ಯಾಯದಲ್ಲಿ ದೇವರ ಮೇಲೆ ಎರಡು ಆರೋಪ ಬರುತ್ತವೆ. ಅವನು ಪಕ್ಷಪಾತಿ, ಅವನಿಗೆ ಕರುಣೆಯಿಲ್ಲ. ಕೆಲವರನ್ನು ಸುಖದಲ್ಲಿಟ್ಟು ಕೆಲವರನ್ನು ನರಳಿಸಿ ಸಾಯಿಸುವವನನ್ನು ಬೇರೆ ಏನೆಂದು ಕರೆಯಬೇಕು? ನ್ಯಾಯವಾದ ಪ್ರಶ್ನೆ. ಶಂಕರಾಚಾರ್ಯರು ಭಾಷ್ಯದಲ್ಲಿ ಇದಕ್ಕೆ ಮಳೆಯ ಉದಾಹರಣೆ ಕೊಟ್ಟು ಉತ್ತರಿಸುತ್ತಾರೆ. ಭತ್ತಕ್ಕೂ ಜವೆಗೋಧಿಗೂ ಬೀಳುವುದು ಒಂದೇ ಮಳೆ. ಒಂದು ಭತ್ತವಾಗಿ ಇನ್ನೊಂದು ಜವೆಯಾಗಿ ಬೆಳೆಯುವುದು ಆಯಾ ಬೀಜದ ಗುಣದಿಂದ. ದೇವರು ಆ ಮಳೆಯಿದ್ದಂತೆ, ಎಲ್ಲರಿಗೂ ಸಮಾನ. ಒಬ್ಬ ಸುಖಪಡುವುದು, ಇನ್ನೊಬ್ಬ ನರಳುವುದು ಅವರವರ ಕರ್ಮದಿಂದ. ಹಾಗಾದರೆ ಮೊಟ್ಟಮೊದಲ ಸೃಷ್ಟಿಯಲ್ಲಿ ಕರ್ಮ ಎಲ್ಲಿತ್ತು ಎಂದು ಮುಂದಿನ ಸೂತ್ರದಲ್ಲೇ ಎದುರಾಳಿ ಕೇಳುತ್ತಾನೆ. ಸಂಸಾರಕ್ಕೆ ಮೊದಲೆಂಬುದೇ ಇಲ್ಲ, ಅದು ಅನಾದಿ ಎಂದು ಉತ್ತರ. ಅಲ್ಲಿಗೆ ವಿಚಾರಣೆ ಮುಗಿಯುತ್ತದೆ. ದೇವರು ನಿರ್ದೋಷಿ.

ಈ ತೀರ್ಪನ್ನು ಕೈಯಲ್ಲಿ ಹಿಡಿದು ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿಗೆ ಬನ್ನಿ. ತುಳು, ಕನ್ನಡ ಮಾತಾಡುವ ಪಡ್ರೆ ಗ್ರಾಮಕ್ಕೆ, ಅದರೊಳಗಿನ ಸ್ವರ್ಗ ಎಂಬ ಊರಿಗೆ ಬನ್ನಿ. ಅಲ್ಲಿ ಗುಡ್ಡದ ಮೇಲೆಲ್ಲ ಕೇರಳ ಸರ್ಕಾರದ ತೋಟ ನಿಗಮದ ಗೇರುತೋಟ. ಎಪ್ಪತ್ತರ ದಶಕದ ಕೊನೆಯಿಂದ 2000ದ ತನಕ ಗೇರು ಹೂ ಬಿಡುವ ಕಾಲಕ್ಕೆ ಅಲ್ಲಿಗೆ ಹೆಲಿಕಾಪ್ಟರ್ ಬರುತ್ತಿತ್ತು. ಟೀ ಸೊಳ್ಳೆ ಎಂಬ ಕೀಟವನ್ನು ಕೊಲ್ಲಲು ಎಂಡೋಸಲ್ಫಾನ್ ಸಿಂಪಡಿಸುತ್ತಿತ್ತು. ಜಿಲ್ಲೆಯಲ್ಲಿ ಹೀಗೆ ಸಿಂಪಡಣೆಗೊಂಡ ತೋಟಗಳ ವಿಸ್ತಾರ ನಾಲ್ಕೂವರೆ ಸಾವಿರ ಹೆಕ್ಟೇರಿಗೂ ಹೆಚ್ಚು. ಗುಡ್ಡದ ನೆತ್ತಿಯಲ್ಲಿ ತೋಟ, ಇಳಿಜಾರಿನಲ್ಲಿ ಮನೆಗಳು, ಬುಡದಲ್ಲಿ ತೋಡು, ಅಡಿಕೆ, ಶಾಲೆ. ಮೇಲೆ ಬಿದ್ದದ್ದು ಕೆಳಗೆ ಹರಿಯಲೇಬೇಕು.

ಸಿಂಪಡಿಸುವ ಮುನ್ನ ನೀರಿನ ಮೂಲಗಳನ್ನು ಮುಚ್ಚಬೇಕು ಎಂದು ನಿಯಮವಿತ್ತು. ಪಡ್ರೆಯವರು ಕುಡಿಯುವ ನೀರು ಬರುವುದು ಸುರಂಗಗಳಿಂದ. ಬಾವಿಯಂತೆ ಮೇಲಿನಿಂದ ಕೆಳಕ್ಕೆ ತೋಡಿದ್ದಲ್ಲ ಅದು. ಒಬ್ಬ ಮನುಷ್ಯ ಬಗ್ಗಿ ನುಗ್ಗುವಷ್ಟು ಅಗಲಕ್ಕೆ ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಹತ್ತಾರು ಮೀಟರ್ ಕೊರೆದದ್ದು. ಮಣ್ಣಿನಿಂದ ಜಿನುಗುವ ನೀರು ಸಣ್ಣ ಕಾಲುವೆಯಾಗಿ ಹರಿದು ಮನೆಯಂಗಳದ ತೊಟ್ಟಿಗೆ ಬೀಳುತ್ತದೆ. ಅದನ್ನು ಹೇಗೆ ಮುಚ್ಚುವುದು? ಇಡೀ ಗುಡ್ಡವೇ ಅದರ ಬಾಯಿ. ತೋಡಿಗೆ ಯಾವ ಮುಚ್ಚಳ? ನಿಯಮ ಬರೆದವರು ಈ ನೆಲವನ್ನು ಕಣ್ಣಿಂದ ಕಂಡವರಲ್ಲ.

ಮೊದಲು ಜೇನ್ನೊಣ ಸತ್ತವು. ಕಾಲು ತಿರುಚಿದ ಕರುಗಳು ಹುಟ್ಟಿದವು. ಪತ್ರಕರ್ತ ಶ್ರೀ ಪಡ್ರೆ ಎಂಬತ್ತರ ದಶಕದ ಆರಂಭದಲ್ಲೇ ಅದನ್ನು ಬರೆದರು. ಯಾರೂ ಕೇಳಲಿಲ್ಲ. ಆಮೇಲೆ ಮನುಷ್ಯರ ಸರದಿ. ಕೊರಳು ನಿಲ್ಲದ ಕೂಸುಗಳು, ಅಪಸ್ಮಾರ, ಬುದ್ಧಿ ಬೆಳೆಯದ ಮಕ್ಕಳು, ಮತ್ತೆ ಮತ್ತೆ ಇಳಿದುಹೋಗುವ ಬಸುರು, ಕ್ಯಾನ್ಸರ್. ಆಗ ಊರಿನಲ್ಲಿ ಹಬ್ಬಿದ ಮಾತು ಏನು ಗೊತ್ತೆ? ಜಟಾಧಾರಿ ದೈವದ ಮುನಿಸು. ನಮ್ಮಿಂದಲೇ ಏನೋ ತಪ್ಪಾಗಿದೆ, ದೈವ ಊರ ಮೇಲೆ ಕೋಪಿಸಿಕೊಂಡಿದೆ.

ನನ್ನ ಸಿಟ್ಟು ಇಲ್ಲಿಂದ ಶುರುವಾಗುತ್ತದೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಆಕಾಶದಲ್ಲಿ ಸದ್ದು ಮಾಡಿಕೊಂಡು, ಎಲ್ಲರ ಕಣ್ಣಿಗೆ ಕಾಣುವಂತೆ, ಸರ್ಕಾರದ ಖರ್ಚಿನಲ್ಲಿ ವಿಷ ಸುರಿಯಿತು. ಅದರ ಕೆಳಗೆ ನಿಂತ ಜನ ತಲೆಯೆತ್ತಿ ಆ ಹೆಲಿಕಾಪ್ಟರನ್ನು ಕೇಳಲಿಲ್ಲ. ತಲೆ ತಗ್ಗಿಸಿ ತಮ್ಮ ಪಾಪವನ್ನು ಹುಡುಕಿದರು. ಹಾಗೆ ತಲೆ ತಗ್ಗಿಸಲು ಅವರಿಗೆ ಕಲಿಸಿದವರು ಯಾರು? ನರಳುವವನಲ್ಲೇ ನರಳಿಕೆಯ ಕಾರಣ ಹುಡುಕಬೇಕು ಎಂಬ ಪಾಠವನ್ನು ಸಾವಿರಾರು ವರ್ಷ ಬರೆದು, ಪ್ರವಚನ ಮಾಡಿ, ಪುರಾಣವಾಗಿಸಿ, ಹಾಡಾಗಿಸಿ, ಅಜ್ಜಿಯ ಬಾಯಿಯ ಮಾತಾಗಿಸಿ ಉಣಿಸಿದವರು ಯಾರು? ಭಾಷ್ಯದ ಮಳೆ ಬೀಜವನ್ನು ದೂರಲು ಕಲಿಸಿತು. ಮೋಡದಲ್ಲಿ ಏನಿದೆ ಎಂದು ಕೇಳಲು ಕಲಿಸಲೇ ಇಲ್ಲ.

ಹಣೆಬರಹ, ಪಡೆದುಕೊಂಡು ಬಂದದ್ದು, ಮಾಡಿದ್ದುಣ್ಣೋ ಮಹರಾಯ. ಈ ಮಾತುಗಳು ಹೇಗೆ ಕೆಲಸ ಮಾಡುತ್ತವೆ ಎಂದು ನೋಡಬೇಕಾದರೆ ನಮ್ಮ ಕಡೆ ಪ್ರಶ್ನೆ ಇಡಿಸುವಲ್ಲಿ ಹೋಗಿ ಕೂರಬೇಕು. ನಾನು ಕೂತಿದ್ದೇನೆ. ಚಾಪೆಯ ಮೇಲೆ ಮಣೆ, ಅದರ ಮೇಲೆ ಸೀಮೆಸುಣ್ಣದಲ್ಲಿ ಬರೆದ ಹನ್ನೆರಡು ಮನೆ, ಜೋಯಿಸರ ಅಂಗೈಯಡಿಯಲ್ಲಿ ಹೊರಳುವ ಕವಡೆ. ಎದುರಿಗೆ ಒಬ್ಬಳು ತಾಯಿ. ಮಡಿಲಲ್ಲಿ ಎಂಟು ವರ್ಷದ ಮಗು. ತೂಕ ಮೂರು ವರ್ಷದ ಮಗುವಿನದು, ತಲೆ ಮಾತ್ರ ದೊಡ್ಡದು. ಬಾಯಂಚಿನ ಜೊಲ್ಲನ್ನು ಆಕೆ ಸೆರಗಿನಲ್ಲಿ ಒರೆಸುತ್ತಲೇ ಇದ್ದಳು.

"ನಾಗದೋಷ ಕಾಣ್ತದೆ. ಹಿರಿಯರು ಬನ ಕಡಿದಿದ್ದಾರೆ."

"ನಮ್ಮದು ಕುಮ್ಕಿಯಲ್ಲಿ ಒಂದು ಗುಡಿಸಲು ಜೋಯಿಸರೇ. ಹಿರಿಯರಿಗೆ ಜಾಗವೇ ಇರ್ಲಿಲ್ಲ. ಬನ ಎಲ್ಲಿಂದ?"

ಕವಡೆ ಮತ್ತೊಮ್ಮೆ ಹೊರಳಿತು. "ಈ ಜನ್ಮದ್ದಲ್ಲ ಅದು. ಹಿಂದಿನದ್ದು."

ಆ ತಾಯಿ ತಲೆಯಾಡಿಸಿದಳು. ಈ ಜನ್ಮದ ಲೆಕ್ಕವಾಗಿದ್ದರೆ ಇಲ್ಲವೆಂದು ವಾದಿಸಬಹುದಿತ್ತು, ಈಗಷ್ಟೇ ವಾದಿಸಿಯೂ ಇದ್ದಳು. ಹಿಂದಿನ ಜನ್ಮಕ್ಕೆ ಯಾರ ಹತ್ತಿರ ಪಹಣಿ ಇದೆ? ಜೋಯಿಸರ ಚೀಟಿಯಲ್ಲಿ ಆಶ್ಲೇಷಾ ಬಲಿ, ನಾಗಪ್ರತಿಷ್ಠೆ, ಬ್ರಾಹ್ಮಣ ಭೋಜನ ಎಂದು ಇಳಿಯುತ್ತ ಹೋಯಿತು. ಬೀಡಿ ಕಟ್ಟಿ ಬದುಕುವ ಹೆಂಗಸು ಅದನ್ನು ನಾಲ್ಕು ಮಡಿಕೆ ಮಾಡಿ ಕುಪ್ಪಸದೊಳಗೆ ಇಟ್ಟುಕೊಂಡಳು. ಆ ಮನೆಯ ನೀರು ಎಲ್ಲಿಂದ ಬರುತ್ತದೆ ಎಂದು ಅಲ್ಲಿ ಯಾರೂ ಕೇಳಲಿಲ್ಲ.

ಇದಕ್ಕೂ ಶಂಕರರಿಗೂ ಏನು ಸಂಬಂಧ, ಅದು ಶುದ್ಧ ತತ್ತ್ವಶಾಸ್ತ್ರ, ಇದು ಹೊಟ್ಟೆಪಾಡಿನ ಜ್ಯೋತಿಷ್ಯ ಎಂದು ಪಂಡಿತರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಜೋಯಿಸರು ಹೊಸದೇನನ್ನೂ ಹುಟ್ಟಿಸಲಿಲ್ಲ. ಕಾಣದ ಕರ್ಮ, ಅನಾದಿಯಾದ ಕರ್ಮ, ಯಾವ ಸಾಕ್ಷಿಯಿಂದಲೂ ಅಲ್ಲಗಳೆಯಲಾಗದ ಕರ್ಮ ಎಂಬ ಅಸ್ತ್ರವನ್ನು ಮಸೆದು ಇಟ್ಟವರು ಆಚಾರ್ಯರು. ಅವರು ಅದನ್ನು ಪೂರ್ವಪಕ್ಷದ ಮೇಲೆ ಪ್ರಯೋಗಿಸಿದರು, ಜೋಯಿಸರು ಬೀಡಿ ಕಟ್ಟುವ ಹೆಂಗಸಿನ ಮೇಲೆ. ದೇವರನ್ನು ಬಿಡಿಸಿಕೊಳ್ಳಲೆಂದು ಹೂಡಿದ ವಾದ ಊರಿಗೆ ಇಳಿದಾಗ ಬಿಡಿಸಿಕೊಳ್ಳುವುದು ದೇವರನ್ನಲ್ಲ. ಗೇರುತೋಟದ ಮ್ಯಾನೇಜರನ್ನು, ಕಡತಕ್ಕೆ ಸಹಿ ಹಾಕಿದ ಅಧಿಕಾರಿಯನ್ನು, ಡ್ರಮ್ಮು ಮಾರಿದ ಕಂಪನಿಯನ್ನು. ದೇವರಿಗೆ ಖುಲಾಸೆಯಿಂದ ಆಗಬೇಕಾದದ್ದು ಏನೂ ಇಲ್ಲ. ಇವರಿಗೆ ಇದೆ.

ತುಳುನಾಡಿನ ಮಣ್ಣಿನಲ್ಲೇ, ಉಡುಪಿಯ ಹತ್ತಿರದ ಪಾಜಕದಲ್ಲಿ, ಹದಿಮೂರನೇ ಶತಮಾನದಲ್ಲಿ ಹುಟ್ಟಿದ ಮಧ್ವಾಚಾರ್ಯರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಜೀವರಲ್ಲಿ ಮೂರು ಬಗೆ: ಮುಕ್ತಿಗೆ ಯೋಗ್ಯರು, ಸದಾ ಸಂಸಾರದಲ್ಲೇ ಸುತ್ತುವವರು, ಕತ್ತಲ ನರಕಕ್ಕೇ ಯೋಗ್ಯರಾದವರು. ಈ ಯೋಗ್ಯತೆ ಜೀವದ ಸ್ವಭಾವ, ಅನಾದಿ, ಬದಲಾಗದ್ದು. ಕರ್ಮವಾದದಲ್ಲಿ ಕೊನೇಪಕ್ಷ ಮುಂದಿನ ಜನ್ಮವೆಂಬ ಕಿಂಡಿಯಿತ್ತು. ಇಲ್ಲಿ ಮೂರನೆಯವನಿಗೆ ಅದೂ ಇಲ್ಲ. ದೇವರು ಯಾರನ್ನೂ ನರಕಕ್ಕೆ ತಳ್ಳುವುದಿಲ್ಲವಂತೆ, ಅವರವರ ಸ್ವಭಾವ ಅವರನ್ನು ಅಲ್ಲಿಗೆ ಒಯ್ಯುತ್ತದಂತೆ. ಇಂಥ ಜಾತಿಯವರೇ ಮೂರನೇ ಬಗೆ ಎಂದು ಮಧ್ವರು ಹೆಸರಿಸಲಿಲ್ಲ, ಅದನ್ನು ಅವರ ತಲೆಗೆ ಕಟ್ಟುವುದಿಲ್ಲ. ಆದರೆ ಎಲ್ಲ ಆಚಾರ್ಯರೂ ಪ್ರಮಾಣವೆಂದು ಒಪ್ಪುವ ಛಾಂದೋಗ್ಯ ಉಪನಿಷತ್ತಿನ ಐದನೇ ಅಧ್ಯಾಯದಲ್ಲಿ ಪಟ್ಟಿಯೇ ಇದೆ. ಒಳ್ಳೆಯ ನಡತೆಯವರು ಬ್ರಾಹ್ಮಣ, ಕ್ಷತ್ರಿಯ, ವೈಶ್ಯರ ಹೊಟ್ಟೆಯಲ್ಲಿ ಹುಟ್ಟುತ್ತಾರೆ. ಕೆಟ್ಟ ನಡತೆಯವರು ನಾಯಿಯ, ಹಂದಿಯ, ಚಂಡಾಲನ ಹೊಟ್ಟೆಯಲ್ಲಿ. ನಾಯಿ, ಹಂದಿ, ಅವುಗಳ ಸಾಲಿನಲ್ಲೇ ಮನುಷ್ಯ. ಬಡವನ ಬಡತನಕ್ಕೆ ಸಾಕ್ಷಿ ಬೇಕಿಲ್ಲ, ಅವನ ಹುಟ್ಟೇ ಅವನ ತಪ್ಪೊಪ್ಪಿಗೆ.

ಇದೇ ಕರಾವಳಿಯ ಕೊರಗ ಬುಡಕಟ್ಟಿನವರ ಬದುಕಿನಲ್ಲಿ ಈ ತತ್ತ್ವ ಏನಾಯಿತು ಎಂದು ಹೇಳುತ್ತೇನೆ. ಊಟ ಮಾಡುತ್ತ ಓದುವವರು ಎಲೆ ಎತ್ತಿಟ್ಟು ಓದಿ. ಅಜಲು ಎಂದೊಂದು ಪದ್ಧತಿ. ಮೇಲ್ಜಾತಿಯ ಮನೆಯಲ್ಲಿ ಬಸುರಿಗೆ ಗಂಡಾಂತರ ಕಂಡರೆ, ಮಗುವಿಗೆ ಕಾಯಿಲೆ ಬಂದರೆ, ಅವರ ಕೂದಲು, ಉಗುರು ಕತ್ತರಿಸಿ ಅನ್ನದಲ್ಲಿ ಕಲಸುವುದು. ಅದನ್ನು ಕೊರಗರಿಗೆ ಉಣ್ಣಲು ಕೊಡುವುದು. ಉಂಡರೆ ಆ ಮನೆಯ ಕೇಡು ಉಂಡವರ ಹೊಟ್ಟೆಗೆ ದಾಟುತ್ತದೆ ಎಂದು ನಂಬಿಕೆ. ಕಂಬಳದ ಕೋಣಗಳು ಓಡುವ ಮುನ್ನ ಆ ಕೆಸರುಗದ್ದೆಯಲ್ಲಿ ಕೊರಗರನ್ನು ಕೋಣಗಳಂತೆ ಓಡಿಸುವುದೂ ಇತ್ತು. ಇದು ಯಾವುದೋ ಹಳೆಯ ತಾಳೆಗರಿಯ ಸಂಗತಿಯಲ್ಲ. ಇದನ್ನು ನಿಷೇಧಿಸಲು ಕರ್ನಾಟಕ ಸರ್ಕಾರ ಕಾಯ್ದೆ ಮಾಡಿದ್ದು 2000ದಲ್ಲಿ. ಅನ್ನದಲ್ಲಿ ಕೂದಲು, ಉಗುರು ಕಲಸಿ ಉಣಿಸಬಾರದು, ಮನುಷ್ಯರನ್ನು ಕೋಣದಂತೆ ಓಡಿಸಬಾರದು ಎಂದು ಒಂದು ವಿಧಾನಸಭೆ ಅಕ್ಷರದಲ್ಲಿ ಬರೆದು ಹೇಳಬೇಕಾಯಿತು. ಹೆಲಿಕಾಪ್ಟರ್ ನಿಂತದ್ದೂ ಅದೇ ವರ್ಷ.

ಆ ಅನ್ನದ ಮುಂದೆ ಕರ್ಮಸಿದ್ಧಾಂತವನ್ನು ಇಟ್ಟು ನೋಡಿ. ಕರ್ಮ ಮಾಡಿದವನೇ ಉಣ್ಣಬೇಕು, ಅದನ್ನು ಇನ್ನೊಬ್ಬರಿಗೆ ದಾಟಿಸಲಾಗದು ಎನ್ನುತ್ತದೆ ಶಾಸ್ತ್ರ. ಆದರೆ ತನ್ನ ಮಗುವಿಗೆ ಜ್ವರ ಏರಿದಾಗ ಯಾವ ಒಡೆಯ ಇದು ನನ್ನ ಮಗುವಿನ ಪೂರ್ವಜನ್ಮದ ಫಲ, ಅನುಭವಿಸಲಿ ಎಂದು ಸುಮ್ಮನೆ ಕೂತ? ಅವನು ಅದನ್ನು ಅನ್ನದಲ್ಲಿ ಕಲಸಿ ಇನ್ನೊಬ್ಬ ತಾಯಿಯ ಬಾಯಿಗೆ ದಾಟಿಸಿದ. ಉಂಡ ತಾಯಿಯ ಮಗು ಸತ್ತರೆ ಅದು ಮಾತ್ರ ಅವಳ ಕರ್ಮ. ಉಳ್ಳವರಿಗೆ ಪರಿಹಾರ, ಇಲ್ಲದವರಿಗೆ ಸಿದ್ಧಾಂತ. ದೇವರ ನ್ಯಾಯವನ್ನು ಸಾಧಿಸಿ ತೋರಿಸಿದ ಯಾವ ಆಚಾರ್ಯರೂ, ಯಾವ ಮಠವೂ ಶತಮಾನಗಟ್ಟಲೆ ಈ ಅನ್ನದ ಎದುರು ನಿಂತು ಇದು ನಿಮ್ಮ ಶಾಸ್ತ್ರಕ್ಕೇ ವಿರುದ್ಧ ಎಂದು ಕೂಗಿ ನಿಲ್ಲಿಸಲಿಲ್ಲ.

ಈ ರೋಗ ನಮ್ಮದು ಮಾತ್ರ ಎಂದು ಹೇಳಿ ಬೇರೆ ಧರ್ಮದ ಪಂಡಿತರನ್ನು ಬಿಟ್ಟುಬಿಡುವುದಿಲ್ಲ. 1710ರಲ್ಲಿ ಜರ್ಮನಿಯ ಲೈಬ್ನಿಜ್ ಇಡೀ ಗ್ರಂಥ ಬರೆದು, ದೇವರು ಸೃಷ್ಟಿಸಬಹುದಾಗಿದ್ದ ಎಲ್ಲ ಜಗತ್ತುಗಳಲ್ಲಿ ಇದೇ ಅತ್ಯುತ್ತಮ ಎಂದು ವಾದಿಸಿದ. 1755ರ ನವೆಂಬರ್ 1ರಂದು, ಎಲ್ಲ ಸಂತರ ಹಬ್ಬದ ಬೆಳಿಗ್ಗೆ, ಲಿಸ್ಬನ್ ನಗರ ಕಂಪಿಸಿತು. ಚರ್ಚುಗಳಲ್ಲಿ ಮೊಣಕಾಲೂರಿದ್ದ ಜನರ ಮೇಲೆ ಚರ್ಚುಗಳೇ ಕುಸಿದವು. ಆಮೇಲೆ ಸಮುದ್ರ ಉಕ್ಕಿತು, ಬೆಂಕಿ ಹತ್ತಿತು. ಮಲಗ್ರಿಡ ಎಂಬ ಜೆಸ್ಯೂಟ್ ಪಾದ್ರಿ ಮರುವರ್ಷ ಪುಸ್ತಿಕೆ ಬರೆದು, ಇದಕ್ಕೆ ಭೂಮಿಯೊಳಗಿನ ಕಾರಣ ಹುಡುಕುವುದೇ ಪಾಪ, ಇದು ಜನರ ಪಾಪಕ್ಕೆ ದೇವರ ಶಿಕ್ಷೆ ಎಂದು ಸಾರಿದ. ಆಗ ದೇಶವಾಳುತ್ತಿದ್ದ ಮಂತ್ರಿ ಪೊಂಬಾಲ್ ಕ್ರೂರಿಯೇ, ಅವನನ್ನು ಹೊಗಳುವ ಆಸೆ ನನಗಿಲ್ಲ. ಆದರೆ ಅವನ ಆಡಳಿತ ಒಂದು ಕೆಲಸ ಮಾಡಿತು. ದೇಶದ ಪ್ರತಿ ಪ್ಯಾರಿಷ್‌ಗೂ ಪ್ರಶ್ನಾವಳಿ ಕಳಿಸಿತು. ಕಂಪನ ಎಷ್ಟು ಹೊತ್ತು ಇತ್ತು, ಎಷ್ಟು ಜನ ಸತ್ತರು, ಸಮುದ್ರ ಮೊದಲು ಏರಿತೋ ಇಳಿಯಿತೋ, ಬಾವಿ ಚಿಲುಮೆಗಳ ನೀರಿನಲ್ಲಿ ಏನು ಬದಲಾಯಿತು. ಭೂಕಂಪದ ವಿಜ್ಞಾನಕ್ಕೆ ಆ ಉತ್ತರಗಳು ಇಂದಿಗೂ ಆಕರ. ನೀನು ಯಾವ ಪಾಪ ಮಾಡಿದೆ ಎಂಬ ಪ್ರಶ್ನೆಯಿಂದ ಇಂದಿನ ತನಕ ಒಂದೇ ಒಂದು ಮನೆ ಗಟ್ಟಿಯಾಗಿ ಎದ್ದು ನಿಂತದ್ದಿಲ್ಲ.

ಇಸ್ಲಾಮಿನ ಪಂಡಿತರು ಕನಿಷ್ಠ ಈ ಒಂದು ಕಡೆ ಪ್ರಾಮಾಣಿಕರು. ಹತ್ತನೇ ಶತಮಾನದ ಆಸುಪಾಸಿನಲ್ಲಿ ಬಸ್ರಾದ ಅಶ್ಅರಿ ತನ್ನ ಗುರುವಿಗೆ ಕೇಳಿದನೆಂಬ ಪ್ರಶ್ನೆಯ ಕಥೆಯಿದೆ. ಮೂವರು ಅಣ್ಣತಮ್ಮಂದಿರು. ಒಬ್ಬ ಸಜ್ಜನನಾಗಿ ಬಾಳಿ ಸ್ವರ್ಗ ಸೇರಿದ, ಇನ್ನೊಬ್ಬ ದುಷ್ಟನಾಗಿ ನರಕಕ್ಕೆ ಬಿದ್ದ, ಮೂರನೆಯವನು ಕೂಸಾಗಿದ್ದಾಗಲೇ ಸತ್ತ. ನನಗೂ ಆಯುಷ್ಯ ಕೊಟ್ಟಿದ್ದರೆ ಸ್ವರ್ಗ ಗಳಿಸುತ್ತಿದ್ದೆನಲ್ಲ ಎಂದು ಆ ಕೂಸು ಕೇಳಿದರೆ? ನೀನು ಬೆಳೆದರೆ ಪಾಪಿಯಾಗುತ್ತಿದ್ದೆ ಎಂದು ಗೊತ್ತಿತ್ತು, ನಿನ್ನ ಒಳಿತಿಗೇ ಬೇಗ ಕರೆದೆ ಎನ್ನುತ್ತಾನೆ ದೇವರು ಎಂದ ಗುರು. ಹಾಗಾದರೆ ನರಕದಲ್ಲಿರುವವನು ಅಲ್ಲಿಂದಲೇ ಕೂಗಿ, ನನ್ನ ಕಥೆಯೂ ನಿನಗೆ ಗೊತ್ತಿತ್ತಲ್ಲ, ನನ್ನನ್ನು ಯಾಕೆ ಕೂಸಾಗಿದ್ದಾಗಲೇ ಕರೆಯಲಿಲ್ಲ ಎಂದು ಕೇಳಿದರೆ? ಗುರುವಿಗೆ ಮಾತು ಹೊರಡಲಿಲ್ಲವಂತೆ. ಆದರೆ ಅಲ್ಲಿಂದ ಅಶ್ಅರಿ ತಲುಪಿದ ಜಾಗ ನೋಡಿ: ದೇವರು ಮನುಷ್ಯರ ನ್ಯಾಯಕ್ಕೆ ಬದ್ಧನಲ್ಲ, ಅವನು ಮಾಡಿದ್ದೇ ನ್ಯಾಯ. ಇಷ್ಟು ಒಳ್ಳೆಯ ಪ್ರಶ್ನೆ ಕೇಳಿ ಇಷ್ಟು ಬೇಗ ಶರಣಾದದ್ದು ನನ್ನನ್ನು ನೋಯಿಸುತ್ತದೆ. ಮಾಡಿದ್ದೇ ನ್ಯಾಯ ಎಂಬ ಮಾತು ಮಸೀದಿಯಲ್ಲಿ ನಿಲ್ಲುವುದಿಲ್ಲ. ಅಲ್ಲಿಂದ ಅರಮನೆಗೆ ಹೋಗುತ್ತದೆ.

ಇನ್ನು ನೋವು ಆತ್ಮವನ್ನು ಹದಮಾಡುತ್ತದೆ ಎನ್ನುವವರು. ಇಪ್ಪತ್ತನೇ ಶತಮಾನದಲ್ಲಿ ಇಂಗ್ಲೆಂಡಿನ ಜಾನ್ ಹಿಕ್ ಈ ಹಳೆಯ ವಾದಕ್ಕೆ ಹೊಸ ಜೀವ ಕೊಟ್ಟ. ಜಗತ್ತು ಆತ್ಮಗಳು ಪಕ್ವವಾಗುವ ಜಾಗ, ಕಷ್ಟವಿಲ್ಲದೆ ಧೈರ್ಯವಿಲ್ಲ, ಸಂಕಟವಿಲ್ಲದೆ ಕರುಣೆಯಿಲ್ಲ. ಎಣ್ಮಕಜೆಯ ಒಂದು ಮಗು ತನ್ನ ಹೆಸರನ್ನು ಕೂಡ ಗುರುತಿಸದೆ ಸತ್ತಿತು. ಅದರ ಯಾವ ಆತ್ಮ ಹದವಾಯಿತು? ಅದನ್ನು ಕಂಡು ನಮ್ಮಲ್ಲಿ ಕರುಣೆ ಹುಟ್ಟಲಿ ಎಂದು ಅದು ನರಳಬೇಕಿತ್ತು ಎನ್ನುವುದಾದರೆ, ಅಂಥ ಕರುಣೆ ನನಗೆ ಬೇಡ. ಇನ್ನೊಂದು ಗುಂಪು ಹೇಳುತ್ತದೆ, ದೇವರು ಮನುಷ್ಯನಿಗೆ ಇಚ್ಛಾಸ್ವಾತಂತ್ರ್ಯ ಕೊಟ್ಟ, ಕೇಡು ಅದರ ಬೆಲೆ ಎಂದು. ಸ್ವಾತಂತ್ರ್ಯ ತೋಟ ನಿಗಮದ್ದು, ಬೆಲೆ ಕೊಟ್ಟದ್ದು ಮಗುವಿನ ಕೈಕಾಲು. ಯಾವ ನ್ಯಾಯಾಲಯದಲ್ಲಿ ಈ ಲೆಕ್ಕ ನಡೆಯುತ್ತದೆ?

ಹಳೆಯ ಒಡಂಬಡಿಕೆಯ ಯೋಬನ ಕಥೆಯನ್ನು ಮಾತ್ರ ನಾನು ಈ ಪಂಡಿತರ ಮುಂದೆ ಇಡುತ್ತೇನೆ. ಮಕ್ಕಳನ್ನು ಕಳೆದುಕೊಂಡು, ಮೈತುಂಬ ಹುಣ್ಣಾಗಿ, ಬೂದಿಯಲ್ಲಿ ಕೂತವನ ಬಳಿ ಸ್ನೇಹಿತರು ಬರುತ್ತಾರೆ. ಮೊದಲ ಏಳು ದಿನ ಮಾತಾಡದೆ ಪಕ್ಕದಲ್ಲಿ ಕೂರುತ್ತಾರೆ. ಅಲ್ಲಿಗೆ ಮುಗಿಸಿದ್ದರೆ ಅವರು ಒಳ್ಳೆಯ ಸ್ನೇಹಿತರೇ. ಆಮೇಲೆ ಬಾಯಿ ತೆರೆದು ದೇವರು ಅನ್ಯಾಯ ಮಾಡುವುದಿಲ್ಲ, ನೀನೇ ಏನೋ ತಪ್ಪು ಮಾಡಿರಬೇಕು ಎನ್ನುತ್ತಾರೆ. ಯೋಬ ಒಪ್ಪುವುದಿಲ್ಲ. ಕಥೆಯ ಕೊನೆಯಲ್ಲಿ ದೇವರಿಗೆ ಸಿಟ್ಟು ಬರುವುದು ತನ್ನನ್ನು ಪ್ರಶ್ನಿಸಿದ ಯೋಬನ ಮೇಲಲ್ಲ, ತನ್ನ ಪರವಾಗಿ ವಾದಿಸಿದ ಆ ಸ್ನೇಹಿತರ ಮೇಲೆ. ಇಷ್ಟು ಸ್ಪಷ್ಟವಾಗಿ ಬರೆದಿಟ್ಟದ್ದನ್ನು ಓದಿಯೂ ಪಂಡಿತರು ಎರಡು ಸಾವಿರ ವರ್ಷ ಆ ಸ್ನೇಹಿತರ ಕೆಲಸವನ್ನೇ ಮುಂದುವರಿಸಿದರಲ್ಲ.

ಗಾಂಧಿಯವರನ್ನೂ ಬಿಡಲಾರೆ, ಅವರು ನಮ್ಮ ಪರ ಇದ್ದವರು ಎಂಬ ಕಾರಣಕ್ಕೇ ಬಿಡಲಾರೆ. 1934ರ ಜನವರಿ 15ರಂದು ಬಿಹಾರ ನಡುಗಿತು, ಸಾವಿರಾರು ಜನ ಸತ್ತರು. ಅಸ್ಪೃಶ್ಯತೆಯ ಪಾಪಕ್ಕೆ ಇದು ದೇವರು ಕೊಟ್ಟ ಶಿಕ್ಷೆ ಎಂದರು ಗಾಂಧಿ. ಅಸ್ಪೃಶ್ಯತೆ ಪಾಪ ಎಂಬುದರಲ್ಲಿ ರವೀಂದ್ರನಾಥ ಟ್ಯಾಗೋರರಿಗೆ ಅನುಮಾನವಿರಲಿಲ್ಲ. ಆದರೂ ಅವರು ಸಿಡಿದೆದ್ದು ಬರೆದರು. ಇಂಥ ತರ್ಕ ಗಾಂಧಿಗಿಂತ ಗಾಂಧಿಯ ವಿರೋಧಿಗಳ ಮನಸ್ಸಿಗೇ ಹೆಚ್ಚು ಒಗ್ಗುತ್ತದೆ ಎಂಬುದು ಅವರ ಆಕ್ಷೇಪದ ತಿರುಳು. ಗಾಂಧಿ ಅದನ್ನು ತಮ್ಮ 'ಹರಿಜನ' ಪತ್ರಿಕೆಯಲ್ಲೇ ಅಚ್ಚುಮಾಡಿದರು, ಆ ದೊಡ್ಡತನವನ್ನು ಒಪ್ಪುತ್ತೇನೆ. ಆದರೆ ಅವರು ತಮ್ಮ ಮಾತನ್ನು ಹಿಂತೆಗೆದುಕೊಳ್ಳಲಿಲ್ಲ. ಕುಸಿದ ಗೋಡೆಗಳ ಕೆಳಗೆ ಅಸ್ಪೃಶ್ಯರೂ ಸತ್ತಿದ್ದರು. ಅವರು ಯಾರ ಪಾಪಕ್ಕೆ ಸತ್ತರು? ನಮ್ಮ ಒಳಿತಿಗಾಗಿ ಬಳಸಿದರೂ ಈ ಅಸ್ತ್ರ ನಮ್ಮನ್ನೇ ಕೊಯ್ಯುತ್ತದೆ.

ನಮ್ಮ ನೆಲದಲ್ಲಿ ಇದಕ್ಕೆ ಉತ್ತರ ಇರಲಿಲ್ಲವೆ? ಇತ್ತು, ಎರಡೂವರೆ ಸಾವಿರ ವರ್ಷದ ಹಿಂದೆಯೇ. ಮನುಷ್ಯ ಅನುಭವಿಸುವ ಸುಖದುಃಖವೆಲ್ಲ ಹಿಂದೆ ಮಾಡಿದ್ದರ ಫಲವೇ ಎಂದು ಸೀವಕ ಎಂಬ ಪರಿವ್ರಾಜಕ ಬುದ್ಧನನ್ನು ಕೇಳುತ್ತಾನೆ. ಬುದ್ಧ ಅಲ್ಲವೆನ್ನುತ್ತಾನೆ. ಪಿತ್ತದಿಂದ ನೋವು ಬರುತ್ತದೆ, ಕಫದಿಂದ, ವಾತದಿಂದ, ಇವು ಮೂರೂ ಕೂಡಿ ಕೆಟ್ಟಾಗ, ಋತು ಬದಲಾದಾಗ, ಹದತಪ್ಪಿ ನಡೆದಾಗ, ಇನ್ನೊಬ್ಬರ ಹೊಡೆತದಿಂದ. ಎಂಟು ಕಾರಣಗಳಲ್ಲಿ ಕರ್ಮವೂ ಒಂದು, ಅಷ್ಟೆ. ಎಲ್ಲವೂ ಹಿಂದಿನದರ ಫಲ ಎನ್ನುವವರು ಲೋಕಕ್ಕೆಲ್ಲ ಕಣ್ಣಿಗೆ ಕಾಣುವುದನ್ನು ಮೀರಿ ಮಾತಾಡುತ್ತಿದ್ದಾರೆ ಎಂಬುದು ಅವನ ನಿಲುವು. ಇನ್ನೊಬ್ಬರ ಹೊಡೆತವನ್ನು ಪ್ರತ್ಯೇಕ ಕಾರಣವೆಂದು ಎಣಿಸಿದನಲ್ಲ, ಆ ಒಂದು ಎಣಿಕೆಗಾಗಿ ನಾನು ಅವನಿಗೆ ತಲೆಬಾಗುತ್ತೇನೆ. ಹೊಡೆದವನು ಇದ್ದಾನೆ ಎಂದಾದ ಮೇಲೆ ಅವನನ್ನು ಹಿಡಿಯಬಹುದು, ಕೇಳಬಹುದು, ತಡೆಯಬಹುದು.

ಅಂಬೇಡ್ಕರ್ ತಮ್ಮ ಕೊನೆಯ ವರ್ಷಗಳಲ್ಲಿ 'ಬುದ್ಧ ಮತ್ತು ಅವನ ಧಮ್ಮ' ಬರೆಯುವಾಗ ಹಿಡಿದುಕೊಂಡದ್ದು ಇದೇ ಎಳೆಯನ್ನು. ಹುಟ್ಟಿನಿಂದ ಬಂದ ದಾರಿದ್ರ್ಯಕ್ಕೆ ಹಿಂದಿನ ಜನ್ಮದ ಕರ್ಮವೇ ಕಾರಣ ಎಂಬ ಸಿದ್ಧಾಂತದ ಉದ್ದೇಶ, ಬಡವರ ಮತ್ತು ತುಳಿತಕ್ಕೊಳಗಾದವರ ಸ್ಥಿತಿಯ ಜವಾಬ್ದಾರಿಯಿಂದ ರಾಜ್ಯವೂ ಸಮಾಜವೂ ತಪ್ಪಿಸಿಕೊಳ್ಳುವುದು ಎಂದು ಅವರು ಕಂಡರು. ಆ ಪುಸ್ತಕ ಅಚ್ಚಾಗಿ ಬಂದದ್ದು ಅವರು ತೀರಿಕೊಂಡ ಮೇಲೆ, 1957ರಲ್ಲಿ. ಇಪ್ಪತ್ತು ವರ್ಷ ಕಳೆದು ಗೇರುತೋಟದ ಮೇಲೆ ಹೆಲಿಕಾಪ್ಟರ್ ಹಾರಿದಾಗ, ಸಮಾಜವೂ ರಾಜ್ಯವೂ ಅವರು ಹೇಳಿದ ಹಾಗೆಯೇ ತಪ್ಪಿಸಿಕೊಂಡವು.

ಬಡವರ ಕೈಯಲ್ಲಿ ಉಳಿದಿರುವುದೇ ನಂಬಿಕೆ, ಅದನ್ನೂ ಕಿತ್ತುಕೊಳ್ಳಬೇಡಿ ಎಂದು ನನ್ನ ಕೆಲವು ಗೆಳೆಯರೇ ಹೇಳುತ್ತಾರೆ. ನಾನು ಆ ತಾಯಿಯ ದೀಪವನ್ನು ಆರಿಸಲು ಹೋಗಿಲ್ಲ. ಆಕೆ ಜಟಾಧಾರಿಗೆ ಹರಕೆ ಹೊರಲಿ, ನಾಗನಿಗೆ ಹಾಲೆರೆಯಲಿ, ನನ್ನ ಮಗುವನ್ನು ಯಾಕೆ ಹೀಗೆ ಮಾಡಿದೆ ಎಂದು ದೈವದ ಎದುರು ಎದೆ ಬಡಿದುಕೊಂಡು ಬೈಯಲಿ. ಅವಳಿಗೂ ಅವಳ ದೈವಕ್ಕೂ ಇರುವ ಮಾತುಕತೆಯಲ್ಲಿ ನನಗೆ ಜಾಗವಿಲ್ಲ. ನನ್ನ ಜಗಳ ನಡುವೆ ಬಂದು ಕೂತವನ ಜೊತೆ. ಅಳುತ್ತಿರುವವಳಿಗೆ ಅವಳ ಅಳುವಿನ ನ್ಯಾಯ ವಿವರಿಸುವವನ ಜೊತೆ. ಅವನು ಕೊಡುವುದು ಸಮಾಧಾನವಲ್ಲ. ಮಗುವಿನ ಸಂಕಟದ ಮೇಲೆ ತಾಯಿಗೆ ಅಪರಾಧದ ಹೊರೆಯನ್ನೂ ಹೊರಿಸುತ್ತಾನೆ. ಎಣ್ಮಕಜೆಯ ಹೆಂಗಸರು ವರ್ಷಗಟ್ಟಲೆ ಎರಡನ್ನೂ ಹೊತ್ತರು.

ಆ ಹೊರೆಯನ್ನು ಇಳಿಸಿದವರು ಭಾಷ್ಯಕಾರರಲ್ಲ. ಊರಿನಲ್ಲಿ ಕ್ಲಿನಿಕ್ ಇಟ್ಟುಕೊಂಡಿದ್ದ ಡಾ. ವೈ. ಎಸ್. ಮೋಹನ ಕುಮಾರ್ ಯಾವ ಮನೆಯಲ್ಲಿ ಯಾವ ಕಾಯಿಲೆ ಎಂದು ಬರೆದಿಡುತ್ತ ಹೋದರು. ಮನೆಗಳು ತೋಡಿನ ಗುಂಟ ಗುಂಪಾಗಿ ಕಂಡವು. ಪೆರಿಯದಲ್ಲಿ ಕೃಷಿ ಇಲಾಖೆಯ ನೌಕರಿಯಲ್ಲಿದ್ದ ಲೀಲಾಕುಮಾರಿಯಮ್ಮ ತಾನು ಸರ್ಕಾರಿ ನೌಕರಳು ಎಂಬುದನ್ನು ಲೆಕ್ಕಿಸದೆ ಕೋರ್ಟಿಗೆ ಹೋದರು, ಸಿಂಪಡಣೆಗೆ ತಡೆ ತಂದರು. ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯವರು ಬಂದು ಗೇರುತೋಟದ ಬುಡದ ಊರಿನ 117 ಹುಡುಗರನ್ನೂ, ಸಿಂಪಡಣೆ ಇಲ್ಲದ ಊರಿನ 90 ಹುಡುಗರನ್ನೂ ಪರೀಕ್ಷಿಸಿದರು. ತೋಟದ ಬುಡದ ಹುಡುಗರ ರಕ್ತದಲ್ಲಿ ಎಂಡೋಸಲ್ಫಾನ್ ಹೆಚ್ಚಿತ್ತು, ಅವರು ಪ್ರಾಯಕ್ಕೆ ಬರುವುದು ತಡವಾಗಿತ್ತು. ಪೂರ್ವಜನ್ಮದ ಪಾಪ ಒಂದು ಊರಿನ ಹುಡುಗರ ರಕ್ತದಲ್ಲಿ ಸೇರಿ, ಕೆಲವು ಮೈಲಿ ಆಚೆಯ ಹುಡುಗರನ್ನು ಬಿಟ್ಟುಬಿಟ್ಟಿತ್ತೆ? ಗಡಿಯ ಈಚೆ ಕೊಕ್ಕಡ, ಪಟ್ರಮೆ, ನಿಡ್ಲೆಯಲ್ಲೂ ಕರ್ನಾಟಕದ ಗೇರು ನಿಗಮದ ತೋಟಗಳ ಸುತ್ತ ಅದೇ ನರಳಿಕೆ. ಕರ್ಮಕ್ಕೆ ಗೇರುತೋಟದ ನಕ್ಷೆ ಗೊತ್ತಿರುತ್ತದೆಯೆ?

2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ದೇಶಾದ್ಯಂತ ಎಂಡೋಸಲ್ಫಾನ್ ನಿಲ್ಲಿಸಿತು. 2017ರ ಜನವರಿಯಲ್ಲಿ, ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಿ ಎಂದು ಕೇರಳ ಸರ್ಕಾರಕ್ಕೆ ಆದೇಶಿಸಿತು. ಐದು ವರ್ಷ ಕಳೆದು 2022ರಲ್ಲಿ ಅದೇ ಕೋರ್ಟು ಕೇಳಿದಾಗ, ಆ ಆದೇಶದಂತೆ ಹಣ ಸಿಕ್ಕಿದ್ದು ನ್ಯಾಯಾಂಗ ನಿಂದನೆ ಅರ್ಜಿ ಹಾಕಿದ ಎಂಟು ಮಂದಿಗೆ ಮಾತ್ರ ಎಂದು ಬಯಲಾಯಿತು. ಕಾದವರು ಸಾವಿರಾರು. ಅಷ್ಟು ವರ್ಷ ತಾಯಂದಿರು ಆ ಮಕ್ಕಳನ್ನು ಎತ್ತಿಕೊಂಡು ತಿರುವನಂತಪುರದ ಸೆಕ್ರೆಟೇರಿಯಟ್ ಮುಂದೆ ಮತ್ತೆ ಮತ್ತೆ ಹೋಗಿ ಕೂತರು. ಹಿಂದೆ ಜೋಯಿಸರ ಮಣೆಯ ಮುಂದೆ ತಲೆಯಾಡಿಸಿದಂಥ ಹೆಂಗಸರೇ ಅವರು. ಈಗ ಅವರ ಬಾಯಲ್ಲಿ ದೋಷದ ಮಾತಿರಲಿಲ್ಲ. ಪಟ್ಟಿಯಲ್ಲಿ ನಮ್ಮ ಮಗುವಿನ ಹೆಸರು ಯಾಕಿಲ್ಲ, ಔಷಧಿ ಯಾಕೆ ನಿಂತಿತು, ನಾವು ಸತ್ತ ಮೇಲೆ ಇವರನ್ನು ನೋಡಿಕೊಳ್ಳುವವರು ಯಾರು ಎಂದು ಕೇಳಿದರು. ದೇವರನ್ನು ಸಮರ್ಥಿಸಲು ಹೊರಟವರೆಲ್ಲ ಒಮ್ಮೆ ಆ ಹೆಂಗಸರ ಎದುರು, ಆ ಬಿಸಿಲಿನಲ್ಲಿ ನಿಂತು, ತಮ್ಮ ವಾದವನ್ನು ಜೋರಾಗಿ ಓದಿ ಹೇಳಲಿ. ಓದಲು ನಾಲಗೆ ಏಳದಿದ್ದರೆ ಆ ಪುಟವನ್ನು ಹರಿದು ಹಾಕಲಿ.

ಕರ್ನಾಟಕದ ಗಡಿಯ ಹತ್ತಿರ ಮಿಂಚಿನಪದವು ಎಂಬ ಗುಡ್ಡವಿದೆ. ಬಳಸದೆ ಉಳಿದ ಎಂಡೋಸಲ್ಫಾನನ್ನು ಅಲ್ಲಿನ ಗೇರುತೋಟದ ಹಾಳುಬಾವಿಯಲ್ಲಿ ಹೂತಿದ್ದಾರೆ ಎಂಬ ದೂರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ತನಕ ಹೋಗಿದೆ. ಎಷ್ಟು ಡ್ರಮ್ಮು ಹೂತರು, ಯಾರ ಆದೇಶದ ಮೇಲೆ ಹೂತರು, ಕೈಯಲ್ಲಿ ಎತ್ತಿ ಸುರಿದ ಕೂಲಿಯವರು ಈಗ ಹೇಗಿದ್ದಾರೆ, ಮಳೆಗಾಲದಲ್ಲಿ ಆ ಬಾವಿಯ ನೀರು ಯಾವ ತೋಡಿಗೆ ಇಳಿಯುತ್ತದೆ, ಆ ತೋಡಿನ ಪಕ್ಕ ಯಾರ ಮನೆಗಳಿವೆ. ನನಗೆ ಈ ಪ್ರಶ್ನೆಗಳಿಗೆ ಉತ್ತರ ಬೇಕು, ಹೆಸರು ಸಮೇತ ಬೇಕು.